ಹದಿನಾರು ಸಾಲಿನ ಲಕೋಟೆ

ಜೂನ್ 3, ಸಾಲು 1

ಅಕ್ಕಾ,

ಈ ಕಂದು ಲಕೋಟೆ ನೋಡಿ ಹುಬ್ಬು ಗಂಟಿಕ್ಕಬೇಡ. ಫೋನು ಮಾಡಿದರೆ ಎತ್ತುವುದಿಲ್ಲ, ಮೆಟ್ಟಿಲಲ್ಲಿ ಎದುರಾದರೆ ಬಂದ ದಾರಿಗೇ ತಿರುಗಿಬಿಡುತ್ತೀಯ. ಆದರೆ ವಿಶ್ವವಿದ್ಯಾಲಯದೊಳಗಿನ ಟಪಾಲನ್ನು ಯಾರೂ ಬೇಡ ಅನ್ನುವಂತಿಲ್ಲ, ಸಹಿ ಹಾಕಿ ತೆಗೆದುಕೊಳ್ಳಲೇಬೇಕು. ಲಕೋಟೆಯ ನಿಯಮ ಮಾತ್ರ ನನ್ನದು. ಮೇಲೆ ಹದಿನಾರು ಸಾಲುಗಳಿವೆ. ಕೈಗೆ ಬಂದವರು ಹಿಂದಿನ ವಿಳಾಸ ಹೊಡೆದುಹಾಕಿ, ಮುಂದಿನ ಸಾಲಿನಲ್ಲಿ ಹೊಸದು ಬರೆದು, ದಾರ ಸುತ್ತಿ ಕಳಿಸಬೇಕು. ಹದಿನಾರು ತುಂಬುವವರೆಗೆ ಅದೇ ಲಕೋಟೆ. ನನ್ನ ನೂರೆಂಟು ಉಳಿತಾಯದ ಯೋಜನೆಗಳಲ್ಲಿ ಯಾರೂ ಬೈಯದೆ ಒಪ್ಪಿಕೊಂಡದ್ದು ಇದೊಂದೇ.

ನನ್ನ ಆಫೀಸಿನಿಂದ ನಿನ್ನ ಪ್ರಯೋಗಾಲಯಕ್ಕೆ ನಾನೂರು ಹೆಜ್ಜೆ. ಅಷ್ಟು ದೂರದಲ್ಲಿರುವ ಸ್ವಂತ ಅಕ್ಕನಿಗೆ ಕಾಗದ ಬರೆಯುವ ಗತಿ ಬಂತು. ಅಮ್ಮ ಇದ್ದಿದ್ದರೆ ಇಬ್ಬರ ತಲೆ ಹಿಡಿದು ಡಿಕ್ಕಿ ಹೊಡೆಸುತ್ತಿದ್ದಳು.

ಏಪ್ರಿಲಿನಲ್ಲಿ ಮೂರು ದಿನ ಒಟ್ಟಿಗೆ ರಜೆ ಬಂದಾಗ ನಿನ್ನ ಫ್ರೀಜರ್ ಆರಿತು. ಹನ್ನೊಂದು ವರ್ಷ ನೀನು ಗುಡ್ಡ ಹತ್ತಿ ತಂದಿಟ್ಟ ಮಣ್ಣೆಲ್ಲ ಕರಗಿ ಹಾಳಾಯಿತು. ಆರಿಸಿದವರು ಗಂಟೆಯಣ್ಣ. ಆರಿಸುವುದನ್ನು ಕಲಿಸಿದವಳು ನಾನು. ಹಸಿರು ಚೀಟಿ ಇರುವ ಸ್ವಿಚ್ಚನ್ನು ಯಾರು ಬೇಕಾದರೂ ಆರಿಸಿ, ಕೆಂಪು ಇದ್ದರೆ ಮುಟ್ಟಬೇಡಿ, ಚೀಟಿಯೇ ಇಲ್ಲದಿದ್ದರೂ ಮುಟ್ಟಬೇಡಿ ಅಂತ ಊರಿಗೆಲ್ಲ ಡಂಗುರ ಹೊಡೆದದ್ದು ನನ್ನ ಇಂಧನ ಉಳಿತಾಯದ ಆಫೀಸು. ತರಗತಿಗೆ ಕರೆಂಟಿನ ಗಂಟೆ ಬಂದ ಮೇಲೆ ಕೆಲಸವಿಲ್ಲದೆ ಕೂತಿದ್ದ ಆ ಮನುಷ್ಯನಿಗೆ ಸಂಜೆ ಆರಕ್ಕೆ ಸ್ವಿಚ್ಚು ಆರಿಸುವ ಸುತ್ತನ್ನು ಕೊಡಿಸಿದವಳೂ ನಾನೇ. ಆದ್ದರಿಂದ ಕ್ಷಮಿಸು. ಇದನ್ನು ಏಪ್ರಿಲಿನಿಂದ ಹೇಳಬೇಕೆಂದಿದ್ದೇನೆ, ನೀನು ನಿಂತು ಕೇಳಿಸಿಕೊಳ್ಳಲಿಲ್ಲ.

ಇನ್ನೊಂದು ವಿಷಯ. ತಪಾಸಣೆಗೆ ಬಂದವರು ನಿನ್ನ ಗೋಡೆಯ ಸ್ವಿಚ್ ಬೋರ್ಡಿನ ಮೇಲೆ ಯಾವ ಚೀಟಿಯೂ ಇರಲಿಲ್ಲ ಅಂತ ಬರೆದುಕೊಂಡಿದ್ದಾರೆ. ಹಸಿರಿತ್ತು ಅಂತ ಗಂಟೆಯಣ್ಣ ಹೇಳುತ್ತಾರೆ. ಅವರನ್ನು ಸುತ್ತಿನಿಂದ ತೆಗೆದು ನನ್ನ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂರಿಸಿದ್ದಾರೆ. ಸೆಪ್ಟೆಂಬರ್ ಇಪ್ಪತ್ತಕ್ಕೆ ವಿಚಾರಣೆ, ಕೆಲಸ ಹೋಗಬಹುದು. ಅಲ್ಲಿ ಏನಿತ್ತು ಅಂತ ಹೇಳಬಲ್ಲವಳು ನೀನೊಬ್ಬಳೇ. ಒಂದು ಸಾಲು ಬರೆದರೆ ಸಾಕು.

ನಿನ್ನ,
ಮೋಟುಜಡೆ

&nbsp;

ಜೂನ್ 19, ಸಾಲು 3

ಅಕ್ಕಾ,

ಲಕೋಟೆ ವಾಪಸ್ಸು ಬಂತು. ಒಳಗೆ ಏನೂ ಇರಲಿಲ್ಲ. ಮೂರು ಸಲ ಕೊಡವಿದೆ, ಬೆಳಕಿಗೆ ಹಿಡಿದೆ, ಕೈ ಹಾಕಿ ಮೂಲೆಮೂಲೆ ತಡಕಿದೆ. ಆದರೆ ದಾರ ಸುತ್ತಿದವಳು ನೀನೇ. ಎರಡು ಗುಂಡಿಗೂ ಎಂಟರ ಆಕಾರದಲ್ಲಿ ಸುತ್ತಿ ತುದಿಯನ್ನು ಅಡಿಗೆ ಸಿಕ್ಕಿಸುವವರು ಬೇರೆ ಯಾರಿದ್ದಾರೆ? ನನ್ನ ಜಡೆಯ ರಿಬ್ಬನ್ನನ್ನೂ ಹಾಗೇ ಕಟ್ಟುತ್ತಿದ್ದೆ. ಜಡೆ ಮೋಟು, ಗಂಟು ಮಾತ್ರ ಬಲು ಗಟ್ಟಿ. ಸ್ಕೂಲಿನಿಂದ ಬಂದ ಮೇಲೆ ಬಿಚ್ಚಲು ನಿನ್ನನ್ನೇ ಕಾಯಬೇಕಾಗಿತ್ತು.

ಹೋಗಲಿ, ನೀನು ಮಾತಾಡದಿದ್ದರೆ ನಾನೇ ಮಾತಾಡುತ್ತೇನೆ. ಗಂಟೆಯಣ್ಣನ ಸುತ್ತು ನಿಂತ ಮೇಲೆ ಆರು ಗಂಟೆಗೆ ನಮ್ಮ ಕಟ್ಟಡಗಳೆಲ್ಲ ಮದುವೆ ಮನೆಯ ಹಾಗೆ ಝಗಝಗ ಅನ್ನುತ್ತಿವೆ. ಅದಕ್ಕೆ ನಾನು ಭಿತ್ತಿಪತ್ರ ಮಾಡಿಸಿದೆ. ಭೂಮಿ ಬೆವರುತ್ತಿರುವ ಚಿತ್ರ, ಕೆಳಗೆ ದೊಡ್ಡ ಅಕ್ಷರ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಗ್ರಂಥಾಲಯದ ಮುಂದೆ ಒಬ್ಬ ವಿದ್ಯಾರ್ಥಿನಿ ನಿಂತು ಓದುತ್ತಿದ್ದಳು. ನಾನು ಉಬ್ಬಿಹೋಗಿ ಹತ್ತಿರ ಹೋದೆ. "ಮೇಡಂ, ಈ ಪೋಸ್ಟರ್ ಕಾಣ್ಲಿ ಅಂತ ಮೇಲೊಂದು ಬಲ್ಬು ಉರೀತಿದೆಯಲ್ಲ, ಅದನ್ನ ಯಾರು ಆರಿಸ್ಬೇಕು?" ಅಂದಳು. ಆ ಬಲ್ಬಿಗೆ ಅನುಮತಿಯ ಸಹಿ ಹಾಕಿದವಳು ನಾನು. ಹೇಳೋದು ಶಾಸ್ತ್ರ, ಹಾಕೋದು ಗಾಳ.

ಗಂಟೆಯಣ್ಣ ಭಿತ್ತಿಪತ್ರ ಅಂಟಿಸಿದವರಲ್ಲ. ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. "ಮೇಷ್ಟ್ರೇ, ನೀವು ಹೊರಟ್ರಿ, ನಿಮ್ಮ ಫ್ಯಾನು ಹೊರಡಲ್ವಾ?" ಅನ್ನುತ್ತಿದ್ದರು. ಎಂಥ ಜಗಳಗಂಟ ಪ್ರೊಫೆಸರೂ ನಕ್ಕು ಸ್ವಿಚ್ಚು ಒತ್ತುತ್ತಿದ್ದರು. ಎರಡು ತಿಂಗಳು ಕಳೆದ ಮೇಲೆ ಮೇಷ್ಟ್ರುಗಳೇ ಅವರು ಬರುವ ಹೊತ್ತಿಗೆ ಎಲ್ಲ ಆರಿಸಿಟ್ಟು, ಬಾಗಿಲಲ್ಲಿ ನಿಂತು ಅವರಿಗೇ ಕೆಮ್ಮಿ ತೋರಿಸುತ್ತಿದ್ದರು. ಈಗ ಅದೇ ಮನುಷ್ಯ ನನ್ನ ಬಾಗಿಲ ಹೊರಗೆ ಕೈಕಟ್ಟಿ ಕೂತಿದ್ದಾರೆ. ನಾನು ಒಳಗೆ ಕೂತು ಅವರ ಕೆಮ್ಮು ಕೇಳಿಸಿಕೊಳ್ಳುತ್ತೇನೆ.

ನಿನ್ನ,
ಮೋಟುಜಡೆ

&nbsp;

ಜೂನ್ 27, ಸಾಲು 4

ಇಂಧನ ಉಳಿತಾಯ ಆಫೀಸಿನ ಸಂಯೋಜಕರಿಗೆ,

ನಮ್ಮ ಬಾಗಿಲಿಗೆ ನೀವು ಅಂಟಿಸಿರುವ ಭಿತ್ತಿಪತ್ರದಲ್ಲಿ ಮರದ ಬೇರು ಕ್ಯಾರೆಟ್ಟಿನ ಹಾಗಿದೆ. ಎಲೆಯ ನರಗಳು ತಲೆಕೆಳಗಾಗಿವೆ. ಮಣ್ಣಿಗೆ ನೇರಳೆ ಬಣ್ಣ ಬಳಿಯಲಾಗಿದೆ. ಇಂಥ ಮಣ್ಣು ಯಾವ ಲೋಕದಲ್ಲಿದೆ ಎಂದು ತಿಳಿಸಿದರೆ ಹೋಗಿ ಮಾದರಿ ತರುತ್ತೇನೆ. ಭಿತ್ತಿಪತ್ರವನ್ನು ತೆಗೆಸುವುದು.

ಮಣ್ಣು ವಿಜ್ಞಾನ ವಿಭಾಗ,
ಎರಡನೇ ಮಹಡಿ

ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಅಂತ ಎಲ್ಲರಿಗೂ ಹೇಳುತ್ತೀಯಲ್ಲ, ನಿನ್ನ ಮೊಣಕಾಲಿಗೆ ಮುಲಾಮು ಹಚ್ಚುತ್ತಿದ್ದೀಯೋ ಇಲ್ಲವೋ?

&nbsp;

ಜುಲೈ 11, ಸಾಲು 5

ಅಕ್ಕಾ,

ನಿನ್ನ ದೂರನ್ನು ಫೈಲಿಗೆ ಹಾಕಿದೆ, ಕೆಳಗಿನ ಒಂದು ಸಾಲನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡೆ. ಹಚ್ಚುತ್ತಿದ್ದೇನೆ. ದಿನಾ ಅಲ್ಲ.

ಭಿತ್ತಿಪತ್ರ ತೆಗೆಸಿದೆ. ಅದರ ಬದಲು ಹಾಸ್ಟೆಲುಗಳಿಗೆ ಪಂದ್ಯ ಇಟ್ಟೆ. ಒಂದು ವಾರದಲ್ಲಿ ಯಾರ ಮೀಟರು ಕಡಿಮೆ ಓಡುತ್ತದೋ ಅವರಿಗೆ ಗೆಲುವು. ಪೂರ್ವದ ಹಾಸ್ಟೆಲು ಅರ್ಧಕ್ಕರ್ಧ ಇಳಿಸಿ ಗೆದ್ದಿತು. ನಾನು ಕುಣಿದಾಡಿದೆ, ಕುಲಪತಿಗಳಿಗೆ ವರದಿಯನ್ನೂ ಕಳಿಸಿದೆ. ಆಮೇಲೆ ತಿಳಿಯಿತು, ಅವರು ವಾರವಿಡೀ ಪಶ್ಚಿಮದ ಹಾಸ್ಟೆಲಿಗೆ ಹೋಗಿ ಬಟ್ಟೆ ಇಸ್ತ್ರಿ ಮಾಡಿಕೊಂಡು, ಫೋನು ಚಾರ್ಜು ಮಾಡಿಕೊಂಡು, ಬಿಸಿನೀರಿನ ಸ್ನಾನವನ್ನೂ ಅಲ್ಲೇ ಮುಗಿಸಿ ಬರುತ್ತಿದ್ದರಂತೆ. "ಕರೆಂಟಮ್ಮ ಹೇಳಿದ್ದು ನಮ್ಮ ಮೀಟರ್ ಇಳಿಸಿ ಅಂತ, ಭೂಮಿ ಮೀಟರ್ ಅಂತ ಹೇಳ್ಲಿಲ್ವಲ್ಲ" ಅಂದ ಅವರ ಮುಖಂಡ. ನನ್ನ ಹೆಸರು ಈಗ ಕರೆಂಟಮ್ಮ. ನಿನ್ನದು ಮೊದಲಿನಿಂದಲೂ ಮಣ್ಣಮ್ಮ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಹೊಂದುವ ಹೆಸರುಗಳೇ.

ಗಂಟೆಯಣ್ಣ ನಿನ್ನೆ ಚಹಾ ತಂದುಕೊಟ್ಟು ನಿಂತರು. "ದೊಡ್ಡ ಮೇಡಂ ಸರಿಯಾಗಿ ಊಟ ಮಾಡ್ತಿದಾರಾ?" ಅಂತ ಕೇಳಿದರು. ನನಗೆ ಗೊತ್ತಿಲ್ಲ ಅಂದೆ. ಹಾಗನ್ನಲು ನನಗೆ ನಾಚಿಕೆಯಾಯಿತು. ಆಮೇಲೆ ಅವರು ಮೆಲ್ಲಗೆ ಹೇಳಿದರು: "ಚಿಕ್ಕ ಮೇಡಂ, ಹಸಿರು ಇತ್ತು ಅಂತ್ಲೇ ನನಗೆ ಅನ್ಸೋದು. ಆದ್ರೆ ಅಷ್ಟು ಜನ ಓದಿದವರು ಬಂದು ನೋಡಿ ಇಲ್ಲ ಅಂದ್ರಲ್ಲ. ನನ್ನ ಕಣ್ಣೇ ಮೋಸ ಮಾಡಿರ್ಬೇಕು. ಗುರುವಾರ ಕಣ್ಣಿನ ಡಾಕ್ಟರ ಹತ್ರ ಹೋಗಿಬರ್ತೀನಿ, ಒಂದು ದಿನ ರಜಾ ಕೊಡಿ."

ಕೊಟ್ಟೆ. ಮೂವತ್ತು ವರ್ಷ ಒಂದು ನಿಮಿಷ ಆಚೀಚೆಯಾಗದೆ ಗಂಟೆ ಹೊಡೆದ ಮನುಷ್ಯ ಈಗ ತನ್ನ ಕಣ್ಣನ್ನೇ ನಂಬುತ್ತಿಲ್ಲ. ನನಗೆ ಅಳು ಬಂತು ಅಕ್ಕಾ, ಅವರ ಮುಂದೆ ಅಳಲಿಲ್ಲ ಅಷ್ಟೇ.

ಮೋಟುಜಡೆ

&nbsp;

ಜುಲೈ 20, ಸಾಲು 6

ಕಣ್ಣಿನ ಡಾಕ್ಟರು ಏನಂದರು?

ಅಕ್ಕ

&nbsp;

ಜುಲೈ 24, ಸಾಲು 7

ಅಕ್ಕಾ,

ದೂರದ ದೃಷ್ಟಿ ಚೆನ್ನಾಗಿದೆಯಂತೆ. ಓದಲು ಕನ್ನಡಕ ಬೇಕು, ಅದು ನಮಗೂ ಬೇಕು. ಬಣ್ಣದ ಪುಸ್ತಕ ತೋರಿಸಿದರಂತೆ, ಒಂದೂ ತಪ್ಪಲಿಲ್ಲ. ಡಾಕ್ಟರು ಬೆನ್ನು ತಟ್ಟಿ ಕಳಿಸಿದ್ದಾರೆ.

ಆದರೂ ಭಯ ಹೋಗಿಲ್ಲ. ಈಗ ಚಹಾ ತರಲು ಹೋಗುವಾಗ ಯಾವ ಸ್ವಿಚ್ಚಿನ ಮುಂದೆ ನಿಂತರೂ ದಾರಿಯಲ್ಲಿ ಹೋಗುವ ವಿದ್ಯಾರ್ಥಿಗಳನ್ನು ಕರೆಯುತ್ತಾರೆ. "ಮಗಾ, ಇದು ಯಾವ ಬಣ್ಣ ಹೇಳು?" ಅವರು "ಹಸಿರು ತಾತ" ಅನ್ನುತ್ತಾರೆ. "ಇನ್ನೊಂದ್ಸಲ ನೋಡಿ ಹೇಳು" ಅನ್ನುತ್ತಾರೆ. ಮೊದಲು ಮಕ್ಕಳು ನಗುತ್ತಿದ್ದರು, ಈಗ ನಗುವುದಿಲ್ಲ. ಹೊಸ ಕನ್ನಡಕ ಜೇಬಿನಲ್ಲೇ ಇರುತ್ತದೆ, ಹಾಕಿಕೊಂಡರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದಂತೆ.

ನೀನು ಕೇಳಿದ್ದಕ್ಕೆ ಬರೆದೆ. ಕೇಳಿದೆಯಲ್ಲ, ಅಷ್ಟಕ್ಕೇ ನನಗೆ ಸಂತೋಷ.

ಮೋಟುಜಡೆ

&nbsp;

ಆಗಸ್ಟ್ 9, ಸಾಲು 8

ಮೋಟುಜಡೆ,

ಮೊದಲ ವರ್ಷ ನೀನೂ ಗುಡ್ಡಕ್ಕೆ ಬಂದಿದ್ದೆ, ನೆನಪಿದೆಯಾ? ಅರ್ಧ ದಾರಿಯಲ್ಲಿ ಚಪ್ಪಲಿ ಕಿತ್ತುಹೋಯಿತು ಅಂತ ಬಂಡೆಯ ಮೇಲೆ ಕೂತು, ನನ್ನ ಬ್ರೆಡ್ಡನ್ನೂ ತಿಂದು ಮುಗಿಸಿದೆ. ನಾನು ಮೇಲೆ ಹೋಗಿ ಗಜಕ್ಕೊಂದರಂತೆ ನಲವತ್ತು ಕಡೆ ಅಗೆದು, ನಲವತ್ತು ಡಬ್ಬಿ ತುಂಬಿ ಇಳಿದೆ. ಆಮೇಲೆ ಪ್ರತಿ ವರ್ಷ ಅದೇ ವಾರ, ಅದೇ ಜಾಗ, ಅದೇ ಗುದ್ದಲಿ. ಭೂಮಿ ಬಿಸಿಯಾದ ಹಾಗೆ ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಗಳು ಹೇಗೆ ಬದಲಾಗುತ್ತವೆ ಎಂದು ತಿಳಿಯಬೇಕಿತ್ತು. ಒಂದು ವರ್ಷದ ಮಣ್ಣಿನಿಂದ ಅದು ತಿಳಿಯುವುದಿಲ್ಲ. ಹತ್ತು ವರ್ಷ ಕೂಡಿಡಬೇಕು, ಒಟ್ಟಿಗೆ ತೆರೆದು ನೋಡಬೇಕು. ಹನ್ನೊಂದಾಗಿತ್ತು. ಮೇ ತಿಂಗಳಲ್ಲಿ ತೆರೆಯುವವಳಿದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ಸೋಮವಾರ ಬಾಗಿಲು ತೆಗೆದಾಗ ಬಂದ ವಾಸನೆಯನ್ನು ಯಾರಿಗೂ ಹೇಳಿಲ್ಲ. ಕೊಳೆತ ವಾಸನೆ ಅಂದುಕೊಂಡಿರುತ್ತೀರಿ. ಅಲ್ಲ. ಮೊದಲ ಮಳೆ ಬಿದ್ದಾಗಿನ ವಾಸನೆ ಬಂತು. ಹನ್ನೊಂದು ವರ್ಷದ ಮಣ್ಣು ಒಟ್ಟಿಗೆ ಎಚ್ಚರಾಗಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹಿತವಾಗಿತ್ತು ಆ ವಾಸನೆ, ಅದೇ ತಡೆಯಲಾಗಲಿಲ್ಲ.

ನೀನು ಚಿಕ್ಕವಳಿದ್ದಾಗ ಕೋಣೆಯಿಂದ ಹೊರಗೆ ಓಡುವಾಗೆಲ್ಲ ದೀಪ ಆರಿಸಿ ಓಡುತ್ತಿದ್ದೆ, ನಾನು ಇನ್ನೂ ಓದುತ್ತಾ ಕೂತಿರುತ್ತಿದ್ದೆ. "ದೀಪ ಆರಿಸ್ಬೇಡ, ನಾನು ಒಳಗಿದೀನಿ!" ಅಂತ ಕೂಗುತ್ತಿದ್ದೆ. ಕೊನೆಗೆ ಹೊರಟವರು ದೀಪ ಆರಿಸಬೇಕು ಅಂತ ಅಮ್ಮ ಹೇಳಿದ್ದಳು, ನಿನಗೆ ನೆನಪಿದ್ದದ್ದು ಆರಿಸುವುದು ಮಾತ್ರ. ಆ ಸೋಮವಾರ ಮೊದಲು ನೆನಪಾದದ್ದು ಅದೇ. ನಿನ್ನ ಮೇಲೆ ಕೋಪ ಮಾಡಿಕೊಳ್ಳುವುದು ಬಹಳ ಸುಲಭವಾಗಿತ್ತು.

ಇನ್ನೂ ಬರೆಯಬೇಕು. ಇವತ್ತು ಆಗುವುದಿಲ್ಲ.

ಅಕ್ಕ

&nbsp;

ಆಗಸ್ಟ್ 16, ಸಾಲು 9

ಅಕ್ಕಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಚಪ್ಪಲಿ ನಿಜವಾಗಿಯೂ ಕಿತ್ತಿತ್ತು. ಬ್ರೆಡ್ಡು ತಿಂದದ್ದನ್ನು ಒಪ್ಪಿಕೊಂಡೆ.

ಈಗ ನಾನೂ ಒಂದು ಹೇಳಬೇಕು. ಜನವರಿಯಲ್ಲಿ ನಾನು ಚೀಟಿಗಳ ಸುರುಳಿ ಕೊಡಲು ಬಂದಾಗ ನೀನು ಹೇಳಿದ್ದೆ: "ಗೋಡೆ ಬೋರ್ಡಿಗೆ ಯಾಕೆ ಅಂಟಿಸ್ತೀಯ? ಯಂತ್ರಕ್ಕೆ ಅಂಟಿಸು. ಯಂತ್ರ ಜಾಗ ಬದಲಾಯಿಸತ್ತೆ, ಗೋಡೆ ಬದಲಾಯಿಸಲ್ಲ." ಒರೆಸುವಾಗ ಯಂತ್ರದ ಮೇಲಿನ ಚೀಟಿ ಕಿತ್ತುಬರುತ್ತದೆ ಅಂತ ನಾನು ವಾದ ಮಾಡಿದೆ. ನಿನಗೆ ಎಲ್ಲದರಲ್ಲೂ ಕೊಂಕು ಅಂತ ನಕ್ಕೂ ನಕ್ಕೆ. ನನ್ನ ನಿಯಮವೇ ತಪ್ಪು. ಸೆಪ್ಟೆಂಬರ್ ಇಪ್ಪತ್ತಕ್ಕೆ ಅಲ್ಲಿ ನಿಂತು ಇದನ್ನೇ ಹೇಳುತ್ತೇನೆ. ಸಂಯೋಜಕಿ ಕೆಲಸಕ್ಕೆ ರಾಜೀನಾಮೆ ಬರೆದಿಟ್ಟಿದ್ದೇನೆ. ಅದರಿಂದ ಗಂಟೆಯಣ್ಣ ಉಳಿಯುತ್ತಾರೋ ಇಲ್ಲವೋ ತಿಳಿಯದು. ಚೀಟಿ ಇಲ್ಲದ ಸ್ವಿಚ್ಚು ಯಾಕೆ ಮುಟ್ಟಿದೆ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ನಿನ್ನ ಬೋರ್ಡಿನ ಮೇಲೆ ಏನಿತ್ತು ಅಂತ ಇನ್ನು ನಾನು ಕೇಳುವುದಿಲ್ಲ. ನೀನು ಒಂಬತ್ತು ವರ್ಷದವಳಿದ್ದಾಗ ನಾನು ಒಡೆದ ಕನ್ನಡಿಗೆ ನೀನು ಏಟು ತಿಂದವಳು. ನಿನ್ನ ಮೇಲೆ ನನಗೆ ಸಂಶಯವಿಲ್ಲ.

ನಿನ್ನ,
ಮೋಟುಜಡೆ

&nbsp;

ಸೆಪ್ಟೆಂಬರ್ 5, ಸಾಲು 11

ಅಕ್ಕಾ, ಲಕೋಟೆ ಮತ್ತೆ ಖಾಲಿ ಬಂತು. ಈ ಸಲ ನನ್ನದೇನೂ ಇಲ್ಲ. ಗಂಟೆಯಣ್ಣ ಹೇಳಿದ್ದನ್ನು ಅವರ ಬಾಯಿಂದ ಬಂದ ಹಾಗೇ ಬರೆದಿದ್ದೇನೆ. ಲಕೋಟೆಯ ಜೊತೆ ಒಂದು ಡಬ್ಬಿಯೂ ಬರುತ್ತದೆ.

ದೊಡ್ಡ ಮೇಡಂ ಅವರಿಗೆ ನಮಸ್ಕಾರ.

ನಾನು ಗಂಟೆಯಣ್ಣ. ಕನ್ನಡಕ ಇಲ್ದೆ ಬರೆಯಕ್ಕೆ ಆಗಲ್ಲ ಅಂತ ಚಿಕ್ಕ ಮೇಡಂ ಹತ್ರ ಬರೆಸ್ತಿದೀನಿ. ನಾನು ತುಂಬಾ ಯೋಚನೆ ಮಾಡಿ ನೋಡಿದೆ. ಇಪ್ಪತ್ತನೇ ತಾರೀಕು ನಾನು ಏನೂ ವಾದ ಮಾಡಲ್ಲ. ತಪ್ಪಾಯ್ತು ಅಂತ ಸಹಿ ಹಾಕಿ ಮನೆಗೆ ಹೋಗ್ತೀನಿ. ಚಿಕ್ಕ ಮೇಡಂ ರಾಜೀನಾಮೆ ಕೊಡ್ತೀನಿ ಅಂತಾರೆ, ಅದು ಬೇಡ. ಅವರು ಮಾಡೋ ಕೆಲಸ ಒಳ್ಳೇದು. ನನ್ನಿಂದ ಅದು ನಿಲ್ಲಬಾರದು.

ನೀವು ಗುದ್ದಲಿ ಹೆಗಲ ಮೇಲೆ ಹಾಕ್ಕೊಂಡು ಗುಡ್ಡದಿಂದ ವಾಪಸ್ ಬರೋದನ್ನ ಪ್ರತೀ ವರ್ಷ ನೋಡಿದೀನಿ. ಒಂದು ವರ್ಷ ನಾನೇ ಡಬ್ಬಿ ಹೊತ್ತು ಮೇಲೆ ತಂದುಕೊಟ್ಟೆ, ನಿಮಗೆ ನೆನಪಿದೆಯೋ ಇಲ್ವೋ. ಅಷ್ಟು ವರ್ಷದ್ದು ನನ್ನ ಒಂದು ಬೆರಳಿನಿಂದ ಹೋಯ್ತಲ್ಲ, ಅದೇ ಸಂಕಟ. ಹಸಿರು ಕಂಡ ಹಾಗೇ ಇತ್ತು ನನಗೆ. ಕಣ್ಣು ನಂಬ್ಕೊಂಡು ಕೆಟ್ಟೆ.

ನಮ್ಮ ಹಿತ್ತಲಿನ ಮಣ್ಣು ಒಂದು ಡಬ್ಬಿ ಕಳಿಸಿದೀನಿ. ಗುಡ್ಡದ ಮಣ್ಣಿಗೆ ಇದು ಸಮ ಅಲ್ಲ ಅಂತ ಗೊತ್ತು. ಒಳ್ಳೇ ಮಣ್ಣು, ಏನು ಹಾಕಿದ್ರೂ ಬರತ್ತೆ. ಕೆಲಸಕ್ಕೆ ಬಂದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ನಿಮ್ಮ ಕಿಟಕಿ ಹತ್ರ ಇರೋ ಗಿಡಕ್ಕೆ ಹಾಕಿ. ಆ ಗಿಡಕ್ಕೆ ನೀರು ಸಾಲ್ತಿಲ್ಲ, ಹೊರಗಿಂದ ನೋಡಿದ್ರೇ ಕಾಣತ್ತೆ.

ಇಂತಿ,
ಗಂಟೆಯಣ್ಣ

&nbsp;

ಸೆಪ್ಟೆಂಬರ್ 8, ಸಾಲು 12

ಮೋಟುಜಡೆ,

ಈ ಹಾಳೆಗೆ ಪಿನ್ನು ಹಾಕಿ ಜೋಡಿಸಿರುವ ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಚೀಟಿ ಇದೆ. ಹಸಿರು. ಮೂಲೆ ಹರಿದಿದೆ, ಹಿಂದೆ ಗೋಡೆಯ ಸುಣ್ಣ ಅಂಟಿದೆ. ನನ್ನ ಬೋರ್ಡಿನ ಮೇಲಿದ್ದದ್ದು ಅದೇ.

ಜನವರಿಯಲ್ಲಿ ಅದನ್ನು ಅಲ್ಲಿ ಅಂಟಿಸಿದವಳು ನಾನೇ. ಆಗ ಆ ಮೂಲೆಯಲ್ಲಿ ಮಣ್ಣು ಒಣಗಿಸುವ ಹಳೆಯ ಒಲೆ ಇತ್ತು, ಆರಿಸಿದರೆ ತೊಂದರೆಯಿರಲಿಲ್ಲ. ಮಾರ್ಚಿನಲ್ಲಿ ಫ್ರೀಜರಿನ ಹಿಂದಿನ ಗೋಡೆಗೆ ತೇವ ಬಂದು ಅಲ್ಲಿನ ಬೋರ್ಡು ಕಿತ್ತರು. ಎರಡು ದಿನದ ಮಟ್ಟಿಗೆ ಅಂತ ಉದ್ದ ವೈರು ಎಳೆದು, ಕಪಾಟಿನ ಹಿಂದಿನಿಂದ ಒಲೆಯ ಪ್ಲಗ್ಗಿಗೆ ಫ್ರೀಜರನ್ನು ಹಾಕಿದೆ. ಎರಡು ದಿನ ಆರು ವಾರವಾಯಿತು. ಯಂತ್ರ ಜಾಗ ಬದಲಾಯಿಸುತ್ತದೆ ಅಂತ ನಿನಗೆ ಪಾಠ ಹೇಳಿದವಳು ನಾನು.

ಆ ಸೋಮವಾರ ನೆಲದಿಂದ ಎದ್ದು ಮೂಲೆಗೆ ಹೋದೆ. ಹಸಿರು ಕಂಡಿತು. ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಉಗುರಿನಿಂದ ಅದನ್ನು ಕಿತ್ತೆ. ಯಾಕೆ ಅಂತ ಕೇಳಬೇಡ, ಹನ್ನೊಂದು ವರ್ಷವನ್ನು ನನ್ನ ಕೈಯಾರೆ ಕಳೆದೆ ಅನ್ನುವುದನ್ನು ನೋಡಲಾಗಲಿಲ್ಲ. ತಪಾಸಣೆಯವರು "ಚೀಟಿ ಇತ್ತಾ ಮೇಡಂ?" ಅಂದರು. "ಗೊತ್ತಿಲ್ಲ" ಅಂದೆ. ಆಮೇಲೆ ನಿನ್ನ ಮುಖ ನೋಡಲಾಗದೆ ನಿನ್ನ ಮೇಲೆ ಕೋಪ ಅಂತ ತೋರಿಸಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾರಲ್ಲ, ನಾನು ಹೆಗಲು ಕಾಣದ ಹಾಗೆ ನಾಲ್ಕು ತಿಂಗಳು ಗೋಡೆಗೆ ಒರಗಿ ನಿಂತಿದ್ದೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ ಅನ್ನುವುದನ್ನು ಕೇಳಿದ್ದೆ, ಬರೆ ಹಾಕುವ ಕೈ ನನ್ನದಾಗುತ್ತದೆ ಅಂದುಕೊಂಡಿರಲಿಲ್ಲ.

ಎರಡು ಸಲ ಖಾಲಿ ಲಕೋಟೆ ಕಳಿಸಿದಾಗಲೂ ಮೊದಲು ಚೀಟಿಯನ್ನು ಒಳಗೆ ಹಾಕಿ, ಆಮೇಲೆ ತೆಗೆದೆ. ನಿನಗೆ ನನ್ನ ಮೇಲೆ ಸಂಶಯವಿಲ್ಲ ಅಂತ ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲಂತೂ ಕೈಯೇ ಬರಲಿಲ್ಲ. ಆದರೆ ಈ ಡಬ್ಬಿ ಬಂತು. ನನ್ನ ಕ್ಷಮೆ ಕೇಳಿಕೊಂಡು, ಹಿತ್ತಲು ಅಗೆದು ತುಂಬಿ ಕಳಿಸಿದ ಡಬ್ಬಿ. ಮುಚ್ಚಳ ತೆಗೆದೆ. ಅದೇ ಮೊದಲ ಮಳೆಯ ವಾಸನೆ.

ಇಪ್ಪತ್ತಕ್ಕೆ ನಾನೇ ಬಂದು ಹೇಳುತ್ತೇನೆ. ಧೈರ್ಯ ಕೈಕೊಟ್ಟರೆ ಅಂತ ಚೀಟಿಯನ್ನು ನಿನ್ನ ಕೈಗೆ ಕೊಟ್ಟಿದ್ದೇನೆ. ನಾನು ಬಾರದಿದ್ದರೆ ನೀನು ತೋರಿಸು. ರಾಜೀನಾಮೆ ಹರಿದುಹಾಕು.

ಅಕ್ಕ

&nbsp;

ಸೆಪ್ಟೆಂಬರ್ 22, ಸಾಲು 13

ಅಕ್ಕಾ,

ಎರಡು ವಾರ ಸುಮ್ಮನಿದ್ದೆ. ಮೊನ್ನೆ ವಿಚಾರಣೆಯಲ್ಲಿ ಪಕ್ಕದ ಕುರ್ಚಿಯಲ್ಲೇ ಕೂತರೂ ತುಟಿ ಪಿಟಕ್ ಎನ್ನಲಿಲ್ಲ. ಯಾಕೆಂದರೆ ಬಾಯಿ ತೆರೆದಿದ್ದರೆ ಕಿರುಚುತ್ತಿದ್ದೆ. ನನಗೆ ಸಿಟ್ಟು ಬಂದಿದೆ ಅಕ್ಕಾ. ನನ್ನನ್ನು ನೀನು ದೂರ ಇಟ್ಟದ್ದಕ್ಕಲ್ಲ, ಅದು ನಮ್ಮಿಬ್ಬರ ವಿಷಯ. ಆ ಮನುಷ್ಯ ದಾರಿಹೋಕ ಮಕ್ಕಳನ್ನು ಕರೆದು ಬಣ್ಣ ಕೇಳುತ್ತಿದ್ದಾಗ ನಿನ್ನ ಮೇಜಿನೊಳಗೆ ಈ ಚೀಟಿ ಇತ್ತಲ್ಲ, ಅದಕ್ಕೆ. ಇದನ್ನು ಹೇಳದೆ ನಿನಗೆ ಬೇರೆ ಏನನ್ನೂ ಬರೆಯಲಾರೆ.

ನೀನು ಬಂದೆ. ಎದ್ದು ನಿಂತು ನೇರವಾಗಿ ಹೇಳಿದೆ, ಯಾವ ನೆಪವನ್ನೂ ಸೇರಿಸಲಿಲ್ಲ. ಒಂದು ವರ್ಷದ ಮಟ್ಟಿಗೆ ನಿನ್ನನ್ನು ಪ್ರಯೋಗಾಲಯದ ಮುಖ್ಯಸ್ಥೆ ಸ್ಥಾನದಿಂದ ಇಳಿಸಿದಾಗ ತಲೆಯಾಡಿಸಿ ಕೂತೆ. ಆಗ ನಿನ್ನ ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಸಿಟ್ಟು ಬಿಡಲಿಲ್ಲ.

ನೀನು ಹೊರಟುಹೋದ ಮೇಲೆ ಆದದ್ದನ್ನು ಹೇಳಬೇಕು. ಕುಲಸಚಿವರು ನಾನು ಕೊಟ್ಟಿದ್ದ ಚೀಟಿಯ ಚೀಲವನ್ನು ಗಂಟೆಯಣ್ಣನ ಕಡೆ ಸರಿಸಿದರು. ಅವರು ಜೇಬಿಗೆ ಕೈ ಹಾಕಿ ಕನ್ನಡಕ ಹುಡುಕಿದರು, ಆಮೇಲೆ ಬೇಡವೆಂದು ಕೈ ತೆಗೆದರು. ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಯಾರನ್ನೂ ಕೇಳಲಿಲ್ಲ.

"ಹಸಿರೇ" ಅಂದರು. ಅಷ್ಟೇ. ಮತ್ತೆ ಒಂದು ಸಲ ತಮಗೆ ತಾವೇ "ಹಸಿರೇ" ಅಂದುಕೊಂಡು ಸಭೆಯಿಂದ ಎದ್ದು ಹೋದರು.

ಆರು ಗಂಟೆಗೆ ನನ್ನ ಬಾಗಿಲಲ್ಲಿ ಯಾರೋ ಕೆಮ್ಮಿದರು. ಸ್ಟೂಲು ಖಾಲಿಯಾಗಿತ್ತು.

ಮೋಟುಜಡೆ

&nbsp;

ಅಕ್ಟೋಬರ್ 4, ಸಾಲು 14

ಮೋಟುಜಡೆ,

ನೀನು ಸಿಟ್ಟು ಮಾಡಿಕೊಂಡದ್ದು ಸರಿ. ಇಟ್ಟುಕೋ. ಬೇಗ ಬಿಟ್ಟರೆ ನನಗೇ ಇರುಸುಮುರುಸು.

ಅವರ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. "ಮಣ್ಣು ಹೋಯ್ತಲ್ಲ ದೊಡ್ಡ ಮೇಡಂ, ಅದಕ್ಕಿಂತ ಶಿಕ್ಷೆ ಬೇಕಾ?" ಅಂದರು. ಆಮೇಲೆ, "ಆದ್ರೆ ನನ್ನ ಕಣ್ಣನ್ನ ನನ್ನಿಂದ ಕಿತ್ಕೊಂಡ್ರಿ ನೋಡಿ, ಅದು ನೋವಾಯ್ತು" ಅಂದರು. ಬರುವಾಗ ಅವರೇ ನನ್ನ ಚಪ್ಪಲಿಗೆ ಮೆತ್ತಿದ್ದ ಕೆಸರು ನೋಡಿ ಕಡ್ಡಿ ಹುಡುಕಿ ಕೊಟ್ಟರು.

ಆಮೇಲಿನ ಒಂದು ವಾರ ಸಂಜೆಯ ಸುತ್ತಿನಲ್ಲಿ ಅವರ ಹಿಂದೆ ನಡೆದೆ. ಇಷ್ಟು ವರ್ಷ ಈ ಕಟ್ಟಡಗಳಲ್ಲಿದ್ದೂ ನನ್ನ ಮಹಡಿ ಬಿಟ್ಟು ಬೇರೆ ನೋಡಿರಲಿಲ್ಲ. ರಸಾಯನಶಾಸ್ತ್ರದ ಮೇಷ್ಟ್ರು ಮಣ್ಣಮ್ಮನನ್ನು ಕಂಡು ತಬ್ಬಿಬ್ಬಾಗಿ ಎರಡು ಹೀಟರು ಆರಿಸಿದರು. ಮೂರನೇ ದಿನ ನಾಲ್ಕು ವಿದ್ಯಾರ್ಥಿಗಳು ಜೊತೆಗೆ ಬಂದರು, ಐದನೇ ದಿನ ಹನ್ನೊಂದು. ಪೂರ್ವದ ಹಾಸ್ಟೆಲಿನ ನಿನ್ನ ಮುಖಂಡನೂ ಇದ್ದ. ಪ್ರತಿ ವಾರ ಒಂದು ವಿಭಾಗದವರು ಅವರ ಜೊತೆ ಸುತ್ತು ಹೋಗಬೇಕು ಅಂತ ಮಾಡು, ನಿನ್ನ ಭಿತ್ತಿಪತ್ರಕ್ಕಿಂತ ಕೆಲಸ ಮಾಡುತ್ತದೆ. ಚೀಟಿ ಯಂತ್ರದ ಮೇಲೇ ಇರಲಿ, ಅದರ ಕೆಳಗೆ ಅಂಟಿಸಿದವರ ಸಹಿಯೂ ಇರಲಿ. ಹಸಿರು ಎಂದವರು ಯಾರು ಅಂತ ಆರಿಸುವವರಿಗೆ ಕಾಣಬೇಕು.

ಫ್ರೀಜರನ್ನು ಮತ್ತೆ ಶುರು ಮಾಡಿ, ಶೂನ್ಯಕ್ಕಿಂತ ಎಂಬತ್ತು ಡಿಗ್ರಿ ಕೆಳಗಿನ ಬದಲು ಎಪ್ಪತ್ತಕ್ಕೆ ಇಟ್ಟಿದ್ದೇನೆ. ನೀನು ಎರಡು ವರ್ಷದಿಂದ ಬೇಡಿಕೊಳ್ಳುತ್ತಿದ್ದಾಗ ಮೂಗು ಮುರಿದಿದ್ದೆ. ಮಣ್ಣಿಗೆ ಏನೂ ವ್ಯತ್ಯಾಸವಿಲ್ಲ, ಮೀಟರಿಗೆ ಬಹಳ ಇದೆ. ಕೆಂಪು ಚೀಟಿ ಫ್ರೀಜರಿನ ನೆತ್ತಿಯ ಮೇಲಿದೆ, ಸಹಿ ನನ್ನದು.

ಒಳಗೆ ಈಗ ಒಂದೇ ಡಬ್ಬಿ. ಮೇಲೆ "ಹಿತ್ತಲು, ಮೊದಲ ವರ್ಷ" ಅಂತ ಬರೆದಿದ್ದೇನೆ. ಮುಂದಿನ ತಿಂಗಳು ಗುಡ್ಡಕ್ಕೆ ಹೋಗುತ್ತೇನೆ. ಹೋದ ಹನ್ನೊಂದು ವರ್ಷ ಮತ್ತೆ ಕೂಡಬೇಕು, ನನ್ನ ನಿವೃತ್ತಿಗೆ ಎಂಟೇ ಇವೆ. ಉಳಿದ ಮೂರನ್ನು ಇನ್ನಾರಾದರೂ ಅಗೆಯಲಿ.

ಅಕ್ಕ

&nbsp;

ಅಕ್ಟೋಬರ್ 12, ಸಾಲು 15

ಅಕ್ಕಾ,

ಸುತ್ತಿಗೆ ಸರದಿಯ ಪಟ್ಟಿ ಹಾಕಿದೆ. ಮೊದಲ ವಾರಕ್ಕೇ ಕುಲಸಚಿವರ ಆಫೀಸಿನವರು ಹೆಸರು ಕೊಟ್ಟರು. ಬೋರ್ಡುಗಳ ಮೇಲಿನ ಚೀಟಿ ಕೀಳಲು ವಿದ್ಯಾರ್ಥಿಗಳು ಎರಡು ದಿನ ಉಗುರು ಸವೆಸಿದರು. ಗಂಟೆಯಣ್ಣ ಈಗ ಓದಲು ಮಾತ್ರ ಕನ್ನಡಕ ಹಾಕುತ್ತಾರೆ. ಚೀಟಿಯ ಕೆಳಗಿನ ಸಹಿಗಳನ್ನು ಓದಿ, "ಇವರ ಅಕ್ಷರ ಕೋಳಿ ಕೆದಕಿದ ಹಾಗಿದೆ, ಇವರು ಡಾಕ್ಟರೇಟ್ ಅಂತೆ" ಅಂತ ಎಲ್ಲರ ಮುಂದೆ ಹೇಳುತ್ತಾರೆ. ಬಹಳ ಜನ ನೆಟ್ಟಗೆ ಸಹಿ ಮಾಡುವುದನ್ನು ಕಲಿತಿದ್ದಾರೆ.

ನನ್ನ ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಸಿಟ್ಟಿಗಿಂತ ನೀನು ಹೆಚ್ಚು ಬೇಕು ನನಗೆ. ಗುಡ್ಡಕ್ಕೆ ನಾನೂ ಬರುತ್ತೇನೆ. ಈ ಸಲ ಶೂ ಹಾಕಿಕೊಳ್ಳುತ್ತೇನೆ, ನನ್ನ ಬ್ರೆಡ್ಡು ನಾನೇ ತರುತ್ತೇನೆ.

ಲಕೋಟೆ ನೋಡು, ಉಳಿದಿರುವುದು ಒಂದೇ ಸಾಲು. ಮೇಲಿಂದ ಕೆಳಗೆ ಹೊಡೆದುಹಾಕಿದ ನಿನ್ನ ವಿಳಾಸ, ನನ್ನ ವಿಳಾಸ, ನಿನ್ನದು, ನನ್ನದು. ನಿಯಮದ ಪ್ರಕಾರ ತುಂಬಿದ ಲಕೋಟೆ ನನ್ನ ಆಫೀಸಿಗೆ ಬಂದು ಹೊಸ ಕಾಗದವಾಗಲು ಹೋಗಬೇಕು. ಇದೊಂದನ್ನು ಕೊಡುವುದಿಲ್ಲ. ನಿಯಮ ಮಾಡಿದವಳೇ ಮುರಿದಳು ಅಂತ ಯಾರಿಗೂ ಹೇಳಬೇಡ.

ಕೊನೆಯ ಸಾಲು ನಿನ್ನದು. ದಯವಿಟ್ಟು ಖಾಲಿ ಕಳಿಸಬೇಡ.

ನಿನ್ನ,
ಮೋಟುಜಡೆ

&nbsp;

ಅಕ್ಟೋಬರ್ 13, ಸಾಲು 16

ಮೋಟುಜಡೆ,

ಇದನ್ನು ಟಪಾಲಿಗೆ ಕೊಟ್ಟಿಲ್ಲ. ಸುತ್ತಿಗೆ ಹೊರಟ ಗಂಟೆಯಣ್ಣನ ಕೈಗೆ ಕೊಟ್ಟಿದ್ದೇನೆ. ಅವರ ಸುತ್ತಿನಲ್ಲಿ ನಿನ್ನ ಕೋಣೆ ಕೊನೆಯದು.

ನಾನು ಅವರ ಹಿಂದೆಯೇ ಇದ್ದೇನೆ. ನಿನ್ನ ಮಹಡಿಗೆ ಲಿಫ್ಟಿನಲ್ಲಿ ಬಂದರೆ ಮಾನ ಹೋಗುತ್ತದೆ ಅಂತ ಮೆಟ್ಟಿಲು ಹತ್ತುತ್ತಿದ್ದೇನೆ, ಅಲ್ಲಲ್ಲಿ ನಿಲ್ಲಬೇಕಾಗುತ್ತದೆ. ಕೈಯಲ್ಲಿ ನಿನ್ನ ಮೊಣಕಾಲಿಗೆ ಮುಲಾಮು ಇದೆ, ಅರ್ಧ ನನಗೇ ಬೇಕಾಗಬಹುದು.

ಅವರು ಬಾಗಿಲಲ್ಲಿ ಕೆಮ್ಮಿ, "ಚಿಕ್ಕ ಮೇಡಂ, ಹೊರಟ್ರಾ?" ಅಂದರೆ ಇನ್ನೂ ಇಲ್ಲ ಅನ್ನು.

ದೀಪ ಆರಿಸಬೇಡ. ನಾನು ಒಳಗೆ ಬರುತ್ತಿದ್ದೇನೆ.

ಅಕ್ಕ